ಬೀಗ ಹಾಕಿಟ್ಟ ತಾಳ

ಟಿವಿಯಲ್ಲಿ ಕಾರ್ಟೂನ್ ನೋಡಿ ಬೆಳೆದವರಿಗೆಲ್ಲ ಆ ಸಂಗೀತ ಗೊತ್ತು. ಡ್ಯಾಫಿ ಡಕ್ಕೋ ಪೋರ್ಕಿ ಪಿಗ್ಗೋ ಒಂದು ಕಾರ್ಖಾನೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಬೆಲ್ಟಿನ ಮೇಲೆ ಸಾಮಾನು ಒಂದರ ಹಿಂದೊಂದು ಬರುತ್ತಲೇ ಇರುತ್ತದೆ. ಗಾಲಿ ತಿರುಗುತ್ತದೆ, ಸುತ್ತಿಗೆ ಬೀಳುತ್ತದೆ, ಹಿನ್ನೆಲೆಯಲ್ಲಿ ಭಾರವಾದ ಹೆಜ್ಜೆಯಿಟ್ಟ ಹಾಗೆ ಒಂದು ಟ್ಯೂನ್ ಅದೇ ಅದೇ ತಿರುಗಿ ಬರುತ್ತದೆ. ಆ ಟ್ಯೂನಿನ ಹೆಸರು ಪವರ್‌ಹೌಸ್. ಕಟ್ಟಿದವನು ರೇಮಂಡ್ ಸ್ಕಾಟ್ ಎಂಬ ಅಮೆರಿಕನ್. ತಮಾಷೆಯೆಂದರೆ ಆತ ಅದನ್ನು ಕಾರ್ಟೂನಿಗಾಗಿ ಬರೆದಿರಲೇ ಇಲ್ಲ.

ಈ ಸ್ಕಾಟ್ ಇನ್ನೊಂದು ಕೆಲಸ ಮಾಡಿದ. ಇವತ್ತು ಸಿನಿಮಾ ಹಾಡಿನಿಂದ ಹಿಡಿದು ಮದುವೆ ಮನೆಯ ಡಿಜೆವರೆಗೆ ಎಲ್ಲೆಲ್ಲೂ ಕೇಳುವ, ಒಂದೇ ಅಳತೆಯಲ್ಲಿ ಸುತ್ತುವ ಎಲೆಕ್ಟ್ರಾನಿಕ್ ತಾಳವನ್ನು ನುಡಿಸುವ ಯಂತ್ರಕ್ಕೆ ಸ್ಟೆಪ್ ಸೀಕ್ವೆನ್ಸರ್ ಎನ್ನುತ್ತಾರೆ. ಸ್ವರಗಳನ್ನು ಮೊದಲೇ ಹಂತ ಹಂತವಾಗಿ ಜೋಡಿಸಿಟ್ಟರೆ ಅದು ತಾನೇ ಒಂದಾದ ಮೇಲೊಂದನ್ನು ನುಡಿಸುತ್ತ ಹೋಗುತ್ತದೆ. ಅಂಥ ಎಲೆಕ್ಟ್ರಾನಿಕ್ ಯಂತ್ರವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಕಟ್ಟಿ ಬಳಸಿದ ಕೆಲವೇ ಜನರಲ್ಲಿ ಸ್ಕಾಟ್ ಒಬ್ಬ. ಕಟ್ಟಿದವನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದರಿಂದ ಏನಾಯಿತು ಎಂಬುದೇ ಈ ಬರಹ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಈ ಪ್ರಶ್ನೆ ದಿನಾ ಎದುರಾಗುತ್ತದೆ. ನಿಮ್ಮಲ್ಲೂ ಹಲವರಿಗೆ ಎದುರಾಗುತ್ತಿರಬಹುದು.

ಡೈರೆಕ್ಟರಿಯಲ್ಲಿ ಸಿಕ್ಕ ಹೆಸರು

ಆತನ ಹುಟ್ಟುಹೆಸರು ಹ್ಯಾರಿ ವಾರ್ನೋ. ಹುಟ್ಟಿದ್ದು 1908ರ ಸೆಪ್ಟೆಂಬರ್ 10ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ತಾಯಿ ರಷ್ಯಾದಿಂದ ವಲಸೆ ಬಂದ ಯಹೂದಿಗಳು. ಅಪ್ಪನದು ವಾದ್ಯಗಳ ಅಂಗಡಿ. ಆ ಕಾಲದ ಅಮೆರಿಕದಲ್ಲಿ ಪ್ಲೇಯರ್ ಪಿಯಾನೊ ಎಂಬ ವಾದ್ಯ ಬಹಳ ಜನಪ್ರಿಯವಾಗಿತ್ತು. ಉದ್ದನೆಯ ಕಾಗದದ ಸುರುಳಿಯಲ್ಲಿ ತೂತು ಹೊಡೆದಿರುತ್ತಾರೆ, ಸುರುಳಿ ಸರಿದಂತೆ ತೂತು ಬಂದ ಕಡೆ ಪಿಯಾನೊದ ಕೀಲಿ ತಾನಾಗಿ ಒತ್ತಿಕೊಳ್ಳುತ್ತದೆ. ನುಡಿಸುವವರಿಲ್ಲದೆ ನುಡಿಯುವ ವಾದ್ಯ ಆ ಪೀಳಿಗೆಯವರಿಗೆ ಹೊಸದಾಗಿರಲಿಲ್ಲ.

ಹುಡುಗನಿಗೆ ಎಂಜಿನಿಯರ್ ಆಗುವ ಆಸೆ. ಅಣ್ಣ ಮಾರ್ಕ್ ವಯೊಲಿನ್ ವಾದಕ, ಆರ್ಕೆಸ್ಟ್ರಾ ನಡೆಸುವವನು. ತಮ್ಮನ ಕೈಯಲ್ಲಿ ಸಂಗೀತವಿದೆ ಎಂದು ಅವನಿಗೆ ಗಟ್ಟಿಯಾಗಿ ಅನ್ನಿಸಿತ್ತು. ಸಂಗೀತ ಕಲಿಯುವುದಾದರೆ ಫೀಸನ್ನೂ ಕಟ್ಟುತ್ತೇನೆ, ಒಳ್ಳೆಯ ಪಿಯಾನೊವನ್ನೂ ಕೊಡಿಸುತ್ತೇನೆ ಎಂದು ಒಪ್ಪಿಸಿದ. ಹೀಗೆ ಎಂಜಿನಿಯರಿಂಗ್ ತಪ್ಪಿತು. ಮುಂದೆ ಜೂಲಿಯಾರ್ಡ್ ಎಂದು ಹೆಸರಾದ ಸಂಗೀತ ಶಾಲೆಯಲ್ಲಿ ಕಲಿತು 1931ರಲ್ಲಿ ಹೊರಬಂದ. ಸಿಬಿಎಸ್ ರೇಡಿಯೊದಲ್ಲಿ ಪಿಯಾನೊ ನುಡಿಸುವ ಕೆಲಸ ಸಿಕ್ಕಿತು. ಅಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದದ್ದು ಅದೇ ಅಣ್ಣ.

ಅಣ್ಣನ ದಯೆಯಿಂದ ಕೆಲಸ ಸಿಕ್ಕಿತು ಎಂದು ನಾಲ್ಕು ಜನ ಆಡಿಕೊಳ್ಳಬಾರದಲ್ಲ? ಅದಕ್ಕೆ ಆತ ನ್ಯೂಯಾರ್ಕಿನ ಟೆಲಿಫೋನ್ ಡೈರೆಕ್ಟರಿ ತೆಗೆದು, ಕಿವಿಗೆ ಹಿತವಾಗಿ ಕೇಳಿದ ಹೆಸರೊಂದನ್ನು ಆರಿಸಿ ತನಗೇ ಇಟ್ಟುಕೊಂಡ. ಅಂದಿನಿಂದ ಹ್ಯಾರಿ ವಾರ್ನೋ ಹೋಗಿ ರೇಮಂಡ್ ಸ್ಕಾಟ್ ಬಂದ. ಟೆಲಿಫೋನು ಆತನ ಬದುಕಿನಲ್ಲಿ ಇನ್ನೊಂದು ಸಲ, ಇದಕ್ಕಿಂತ ದೊಡ್ಡದಾಗಿ ಬರಲಿದೆ.

ಆರು ಜನರ ‘ಐವರ ತಂಡ’

1936ರ ಕೊನೆಗೆ ಸ್ಕಾಟ್ ತನ್ನದೇ ಸಣ್ಣ ತಂಡ ಕಟ್ಟಿದ. ಹೆಸರು ರೇಮಂಡ್ ಸ್ಕಾಟ್ ಕ್ವಿಂಟೆಟ್, ಅಂದರೆ ಐವರ ತಂಡ. ಇದ್ದದ್ದು ಮಾತ್ರ ಆರು ಜನ! ಡ್ರಮ್ಸ್ ನುಡಿಸುತ್ತಿದ್ದವನು ಜಾನಿ ವಿಲಿಯಮ್ಸ್. ಮುಂದೆ ‘ಸ್ಟಾರ್ ವಾರ್ಸ್’ ಸಿನಿಮಾಕ್ಕೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಆತನ ಮಗ. 1937ರಲ್ಲಿ ಈ ತಂಡ ಪವರ್‌ಹೌಸ್ ಅನ್ನು ರೆಕಾರ್ಡ್ ಮಾಡಿತು. ರೆಕಾರ್ಡುಗಳು ಚೆನ್ನಾಗಿ ಮಾರಾಟವಾದವು, ಹಾಲಿವುಡ್‌ನಿಂದ ಕರೆ ಬಂತು.

ಸ್ಕಾಟ್ ಕೆಲಸ ಮಾಡುವ ರೀತಿ ವಿಚಿತ್ರವಾಗಿತ್ತು. ತಂಡಕ್ಕೆ ಸ್ವರ ಬರೆದು ಕೊಡುತ್ತಿರಲಿಲ್ಲ. ಪಿಯಾನೊದಲ್ಲಿ ನುಡಿಸಿಯೋ ಬಾಯಲ್ಲಿ ಗುನುಗಿಯೋ ಒಬ್ಬೊಬ್ಬರಿಗೂ ಅವರ ಭಾಗ ಹೇಳಿಕೊಡುತ್ತಿದ್ದ. ಅಭ್ಯಾಸವನ್ನೆಲ್ಲ ಡಿಸ್ಕಿನ ಮೇಲೆ ರೆಕಾರ್ಡ್ ಮಾಡಿ ಕೇಳುತ್ತಿದ್ದ. ಚೆನ್ನಾಗಿ ಬಂದ ತುಣುಕುಗಳನ್ನು ಇಟ್ಟುಕೊಂಡು, ಉಳಿದದ್ದನ್ನು ಬಿಟ್ಟು, ಒಂದರ ಪಕ್ಕ ಒಂದು ಜೋಡಿಸಿ ಕೃತಿ ಕಟ್ಟುತ್ತಿದ್ದ. ಒಮ್ಮೆ ಗಟ್ಟಿಯಾದ ಮೇಲೆ ಯಾರೂ ಒಂದು ಸ್ವರವನ್ನೂ ಬದಲಿಸುವಂತಿಲ್ಲ. ತಂಡದಲ್ಲಿದ್ದವರು ಜಾಝ್ ವಾದಕರು, ಅಲ್ಲಲ್ಲೇ ಮನೋಧರ್ಮದಿಂದ ಹೊಸದು ಹೊಳೆಯಿಸಿ ನುಡಿಸುವುದೇ ಅವರ ಕಸುಬು. ನಮ್ಮ ಸಂಗೀತಗಾರರಿಗೆ ಕಲ್ಪನಾಸ್ವರ ಹಾಡಬೇಡಿ ಎಂದ ಹಾಗಾಯಿತು. ಅವರಿಗೆ ಉಸಿರು ಕಟ್ಟಿತು. ಸ್ಕಾಟ್‌ಗೆ ಬೇಕಾಗಿದ್ದದ್ದು ಹೇಳಿದ್ದನ್ನು ಹೇಳಿದ ಹಾಗೇ, ಪ್ರತಿ ಸಲವೂ, ದಣಿಯದೆ ನುಡಿಸುವವರು. ಮನುಷ್ಯರಲ್ಲಿ ಅದು ಸಿಗುವುದು ಕಷ್ಟ ಎಂದು ಆತನಿಗೆ ಆಗಲೇ ಅನ್ನಿಸಿರಬೇಕು.

ಹಾಗೆಂದು ಆತ ಮನುಷ್ಯರ ಬೆಲೆ ಅರಿಯದವನಲ್ಲ. 1942ರಲ್ಲಿ ಸಿಬಿಎಸ್ ರೇಡಿಯೊದ ಸಂಗೀತ ನಿರ್ದೇಶಕನಾದಾಗ ಕರಿಯ, ಬಿಳಿಯ ವಾದಕರನ್ನು ಒಂದೇ ತಂಡದಲ್ಲಿ ಕೂರಿಸಿದ. ಬೆನ್ ವೆಬ್‌ಸ್ಟರ್, ಕೋಝಿ ಕೋಲ್‌ರಂಥ ಹೆಸರಾಂತ ಕಪ್ಪು ಕಲಾವಿದರು ಆ ತಂಡದಲ್ಲಿದ್ದರು. ವರ್ಣಭೇದ ಅಮೆರಿಕದ ದಿನದ ನಡವಳಿಕೆಯೇ ಆಗಿದ್ದ ಕಾಲದಲ್ಲಿ ದೊಡ್ಡ ರೇಡಿಯೊ ಸಂಸ್ಥೆಯೊಂದರಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಆತ ನೋಡುತ್ತಿದ್ದದ್ದು ಕೈಯಲ್ಲಿನ ಕಲೆಯನ್ನು, ಚರ್ಮವನ್ನಲ್ಲ.

1943ರಲ್ಲಿ ತನ್ನ ಕೃತಿಗಳ ಪ್ರಕಟಣೆಯ ಹಕ್ಕನ್ನು ವಾರ್ನರ್ ಬ್ರದರ್ಸ್ ಕಂಪನಿಗೆ ಮಾರಿದ. ಕಾರ್ಟೂನಿಗೆ ಸಂಗೀತ ಜೋಡಿಸುತ್ತಿದ್ದ ಕಾರ್ಲ್ ಸ್ಟಾಲಿಂಗ್ ಕೈಗೆ ಅವು ಸಿಕ್ಕಿದ್ದು ಹಾಗೆ. ನೂರಕ್ಕೂ ಹೆಚ್ಚು ಕಾರ್ಟೂನುಗಳಲ್ಲಿ ಸ್ಕಾಟ್‌ನ ತುಣುಕುಗಳು ಸೇರಿಕೊಂಡವು. ಜಗತ್ತಿನ ಮಕ್ಕಳೆಲ್ಲ ಆತನ ಸಂಗೀತ ಕೇಳಿ ನಕ್ಕರು, ಹೆಸರು ಮಾತ್ರ ಯಾರಿಗೂ ತಿಳಿಯಲಿಲ್ಲ.

ಟೆಲಿಫೋನ್ ಸ್ವಿಚ್ಚು ತಾಳ ಹಾಕಿತು

1946ರಲ್ಲಿ ಸ್ಕಾಟ್ ಮ್ಯಾನ್‌ಹಟನ್ ರಿಸರ್ಚ್ ಎಂಬ ಸಂಸ್ಥೆ ಶುರುಮಾಡಿದ. ಹೆಸರು ದೊಡ್ಡದು, ಒಳಗೆ ಹೆಚ್ಚುಕಡಿಮೆ ಆತನೊಬ್ಬನೇ. ಅಣ್ಣ ಬಿಡಿಸಿದ್ದ ಎಂಜಿನಿಯರಿಂಗ್ ಆಸೆ ಈಗ ಹಿಂಬಾಗಿಲಿನಿಂದ ಬಂತು. 1949ರಲ್ಲಿ ಅಣ್ಣ ಮಾರ್ಕ್ ತೀರಿಕೊಂಡ. ಅವನು ನಡೆಸುತ್ತಿದ್ದ ‘ಯುವರ್ ಹಿಟ್ ಪರೇಡ್’ ಎಂಬ ಜನಪ್ರಿಯ ಕಾರ್ಯಕ್ರಮದ ಆರ್ಕೆಸ್ಟ್ರಾ ತಮ್ಮನ ಹೆಗಲಿಗೆ ಬಿತ್ತು. ವಾರ ವಾರ ಆ ವಾರದ ಹೆಸರುವಾಸಿ ಹಾಡುಗಳನ್ನು ನುಡಿಸುವ ಕೆಲಸ ಅದು. 1957ರವರೆಗೆ ಮಾಡಿದ. ಮನಸ್ಸು ಅಲ್ಲಿರಲಿಲ್ಲ. ಸಂಬಳವೆಲ್ಲ ಮನೆಯ ನೆಲಮಾಳಿಗೆಯ ವರ್ಕ್‌ಶಾಪಿಗೆ ಹೋಗುತ್ತಿತ್ತು. ಲೇತು, ಡ್ರಿಲ್ಲು, ವಾಲ್ವು, ವೈರು ತುಂಬಿದ ಜಾಗ ಅದು. ಹೊಟ್ಟೆಪಾಡಿಗೆ ಒಂದು ಕೆಲಸ, ಮನಸ್ಸಿಗೆ ಇನ್ನೊಂದು. ನಮ್ಮಲ್ಲಿ ಎಷ್ಟೋ ಜನರ ಬದುಕೂ ಹೀಗೇ ತಾನೆ?

ಅಲ್ಲಿಗೆ ಒಂದು ದಿನ ರಾಬರ್ಟ್ ಮೋಗ್ ಎಂಬ ಯುವಕ ತನ್ನ ತಂದೆಯ ಜೊತೆ ಬಂದ. ಅಪ್ಪ ಮಗ ಇಬ್ಬರೂ ಸೇರಿ ಥೆರೆಮಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಮಾಡಿ ಮಾರುತ್ತಿದ್ದರು. ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಾದ್ಯ ಅದು. ಸ್ಕಾಟ್ ಅದನ್ನು ಕೊಂಡು, ಒಳಗಿನ ಸರ್ಕ್ಯೂಟನ್ನು ತನ್ನ ಕೀಲಿಮಣೆಗೆ ಜೋಡಿಸಿ ಕ್ಲಾವಿವಾಕ್ಸ್ ಎಂಬ ಹೊಸ ವಾದ್ಯವನ್ನೇ ಮಾಡಿಬಿಟ್ಟಿದ್ದ. ಮುಂದೆ ಮೋಗ್ ಎಷ್ಟೋ ವರ್ಷ ಸ್ಕಾಟ್‌ಗೆ ಬೇಕಾದ ಸರ್ಕ್ಯೂಟುಗಳನ್ನು ಮಾಡಿಕೊಟ್ಟ. ಆ ಓಡಾಟದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಗೋಡೆಯುದ್ದಕ್ಕೂ ನಿಲ್ಲಿಸಿದ್ದ ರ್‍ಯಾಕುಗಳು. ಅವುಗಳ ತುಂಬ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಳಸುವಂಥ ಸ್ಟೆಪ್ಪಿಂಗ್ ರಿಲೇಗಳು.

ಈ ರಿಲೇ ಎಂದರೇನು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಟೆಲಿಫೋನಿನಲ್ಲಿ ಬೆರಳಿಟ್ಟು ತಿರುಗಿಸುವ ಡಯಲ್ ಇತ್ತು. 7 ತಿರುಗಿಸಿದರೆ ತಂತಿಯಲ್ಲಿ ಏಳು ಸಲ ಕರೆಂಟು ಕಡಿದು ಕೂಡುತ್ತದೆ. ಎಕ್ಸ್‌ಚೇಂಜಿನಲ್ಲಿರುವ ಸ್ವಿಚ್ಚಿನ ತೋಳು ಏಳು ಮೆಟ್ಟಿಲು ಟಕ ಟಕ ಎಂದು ಸರಿದು ನಿಲ್ಲುತ್ತದೆ. ಆಲ್ಮನ್ ಸ್ಟ್ರೌಜರ್ ಎಂಬಾತ 1891ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನ ಕಸುಬು ಶವಸಂಸ್ಕಾರದ ಏರ್ಪಾಡು ಮಾಡಿಕೊಡುವುದು! ನಮ್ಮ ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯೂ ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜ್ ಉಪಕರಣಗಳನ್ನು ಮಾಡುತ್ತಿತ್ತು. ದೂರವಾಣಿನಗರದ ಎಷ್ಟೋ ಹಿರಿಯರಿಗೆ ಆ ಟಕ ಟಕ ಇವತ್ತಿಗೂ ಕಿವಿಯಲ್ಲಿರಬಹುದು. ಆದರೆ ಅದನ್ನು ತಾಳವಾಗಿ ಕೇಳಿಸಿಕೊಳ್ಳಲು ಸ್ಕಾಟ್‌ನಂಥ ಕಿವಿ ಬೇಕಿತ್ತು.

ಸ್ಕಾಟ್ ಮಾಡಿದ್ದು ಇಷ್ಟೆ. ರಿಲೇಯ ತೋಳು ಒಂದೊಂದು ಮೆಟ್ಟಿಲಿಗೆ ಬಂದಾಗಲೂ ಒಂದೊಂದು ಧ್ವನಿ ಹೊರಡುವಂತೆ ವೈರ್ ಎಳೆದ. ಯಾವ ಮೆಟ್ಟಿಲಲ್ಲಿ ಯಾವ ಸ್ವರ, ಎಷ್ಟು ಜೋರು, ಎಲ್ಲಿ ಮೌನ ಎಂಬುದಕ್ಕೆಲ್ಲ ಗುಂಡಿ, ಸ್ವಿಚ್ಚು. ತೋಳು ಕೊನೆಯ ಮೆಟ್ಟಿಲು ಮುಟ್ಟಿದರೆ ಮತ್ತೆ ಮೊದಲಿಗೆ. ತಾಳದ ಆವರ್ತನ ಮುಗಿದು ಸಮಕ್ಕೆ ಬಂದ ಹಾಗೆ.

ಇದು ಅರ್ಥವಾಗಲು ನನಗೆ ನಮ್ಮ ಬಬ್ಬೂರಿನ ತೋಟ ಸಾಕಾಯಿತು. ವಾಣಿವಿಲಾಸ ಸಾಗರದ ನಾಲೆಯ ನೀರು ಬಂದಾಗ ತೋಟಕ್ಕೆ ಹೇಗೆ ಹಾಯಿಸುತ್ತೇವೆ? ಒಂದು ಮಡಿ ತುಂಬಿದ ಮೇಲೆ ಅದರ ಬಾಯಿ ಕಟ್ಟಿ, ಮುಂದಿನ ಮಡಿಯ ಬಾಯಿ ಬಿಡಿಸುತ್ತೇವೆ. ನೀರು ಒಂದೇ, ಸರದಿ ಬಂದ ಮಡಿಗಷ್ಟೇ ಅದು ಇಳಿಯುತ್ತದೆ. ಸೀಕ್ವೆನ್ಸರ್‌ನಲ್ಲಿ ನೀರಿನ ಬದಲು ಕರೆಂಟು, ಸನಿಕೆ ಹಿಡಿದು ಮಡಿಯಿಂದ ಮಡಿಗೆ ನಡೆಯುವವರ ಬದಲು ಗಡಿಯಾರದಂತೆ ಬಡಿಯುವ ಒಂದು ಸರ್ಕ್ಯೂಟು. ಯಾವ ಮಡಿಯಲ್ಲಿ ಏನು ಬಿತ್ತಿದ್ದೀರೋ ಅಲ್ಲಿ ಅದು ಕೇಳುತ್ತದೆ. ಏನೂ ಬಿತ್ತದಿದ್ದರೆ ಮೌನ. ಆ ಮೌನವೂ ಲೆಕ್ಕದಲ್ಲಿರುತ್ತದೆ.

ಹದಿನಾರು ಗುಂಡಿ

ಸ್ಕಾಟ್‌ಗೆ ಇಡೀ ಗೋಡೆ ಬೇಕಾಗಿತ್ತು. ನನ್ನ ಮೇಜಿನ ಮೇಲಿರುವುದು ಸೆಕೆಂಡ್ ಹ್ಯಾಂಡ್ ಕೊರ್ಗ್ ಎಸ್‌ಕ್ಯೂ-1, ಅಂಗೈಗಿಂತ ಸ್ವಲ್ಪ ದೊಡ್ಡದು. ಎರಡು ಸಾಲಿನಲ್ಲಿ ಎಂಟೆಂಟು ತಿರುಗುಗುಂಡಿ, ಅವುಗಳ ಜೊತೆ ಒತ್ತುವ ಗುಂಡಿ. ತಿರುಗುಗುಂಡಿ ಸ್ವರದ ಎತ್ತರ ಹೇಳುತ್ತದೆ, ಒತ್ತುಗುಂಡಿ ಆ ಹಂತ ನುಡಿಯಬೇಕೋ ಬೇಡವೋ ಎಂದು ಹೇಳುತ್ತದೆ. ಅದರಿಂದ ಹೊರಟ ವೈರು ಒಂದು ಸಣ್ಣ ಸಿಂಥಸೈಜರ್‌ಗೆ ಹೋಗುತ್ತದೆ. ಸೀಕ್ವೆನ್ಸರ್‌ಗೆ ಸ್ವಂತ ದನಿಯಿಲ್ಲ. ಯಾವಾಗ, ಯಾವ ಸ್ವರ ಎಂದು ಅದು ಹೇಳುತ್ತದೆ, ಹಾಡುವುದು ಸಿಂಥಸೈಜರ್.

ಹದಿನಾರು ಹಂತಗಳನ್ನು ನಮ್ಮ ಆದಿತಾಳಕ್ಕೆ ಹೊಂದಿಸುವುದು ಸುಲಭ. ಎಂಟು ಅಕ್ಷರ, ಅಕ್ಷರಕ್ಕೆ ಎರಡು ಹಂತ, ಒಂದು ಸುತ್ತಿಗೆ ಒಂದು ಆವರ್ತನ. ಮಿಶ್ರಛಾಪು ಬೇಕೆಂದರೆ ಕೊನೆಯ ಎರಡು ಹಂತಗಳನ್ನು ಬಿಟ್ಟು ಹದಿನಾಲ್ಕಕ್ಕೇ ಸುತ್ತು ಮುಗಿಸಿದರಾಯಿತು, ಏಳರ ಲೆಕ್ಕ ಬರುತ್ತದೆ. ಖಂಡಛಾಪಿಗೆ ಹತ್ತು. ನಿಮಿಷಕ್ಕೆ 120 ಬಡಿತ, ಬಡಿತಕ್ಕೆ ನಾಲ್ಕು ಹಂತ ಇಟ್ಟರೆ ಒಂದು ಹಂತಕ್ಕೆ ಸೆಕೆಂಡಿನ ಎಂಟನೇ ಒಂದು ಭಾಗ, ಹದಿನಾರಕ್ಕೆ ಸರಿಯಾಗಿ ಎರಡು ಸೆಕೆಂಡು. ಇನ್ನು ಮಜಾ ನೋಡಿ. ಹದಿನಾರರ ಒಂದು ಸುತ್ತನ್ನೂ ಹದಿನಾಲ್ಕರ ಇನ್ನೊಂದು ಸುತ್ತನ್ನೂ ಒಟ್ಟಿಗೆ ಬಿಟ್ಟರೆ ಅವು ಬೇರೆ ಬೇರೆಯಾಗಿ ನಡೆದು, 112 ಹಂತಗಳಾದ ಮೇಲೆ ಮತ್ತೆ ಒಂದೇ ಸಮಕ್ಕೆ ಬಂದು ಸೇರುತ್ತವೆ. ಶಾಲೆಯಲ್ಲಿ ಲಸಾಅ ಎಂದು ಕಲಿತದ್ದು ಕಿವಿಗೆ ಕೇಳುತ್ತದೆ!

1960ರ ದಶಕದ ಆರಂಭದಲ್ಲಿ ಸ್ಕಾಟ್ ತನ್ನ ಯಂತ್ರಗಳಿಂದ ರೇಡಿಯೊ, ಟಿವಿ ಜಾಹೀರಾತುಗಳಿಗೆ ಸಂಗೀತ ಮಾಡಿದ. ಕೇಳಿದ ಜನರಿಗೆ ಅದು ಯಾವುದೋ ಬೇರೆ ಗ್ರಹದ ಸದ್ದು. 1964ರಲ್ಲಿ ‘ಸೂದಿಂಗ್ ಸೌಂಡ್ಸ್ ಫಾರ್ ಬೇಬಿ’ ಎಂಬ ಮೂರು ರೆಕಾರ್ಡುಗಳು ಬಂದವು. ಒಂದರಿಂದ ಆರು ತಿಂಗಳ ಕೂಸಿಗೆ ಒಂದು, ಆರರಿಂದ ಹನ್ನೆರಡು ತಿಂಗಳಿಗೆ ಇನ್ನೊಂದು, ಹದಿನೆಂಟು ತಿಂಗಳವರೆಗೆ ಮತ್ತೊಂದು. ಯಂತ್ರ ಹಾಡುವ ಜೋಗುಳ! ಒಂದು ಸಣ್ಣ ಸುತ್ತು ಮತ್ತೆ ಮತ್ತೆ ಬರುತ್ತ, ಗೊತ್ತೇ ಆಗದಂತೆ ನಿಧಾನವಾಗಿ ಬದಲಾಗುತ್ತ ಹೋಗುತ್ತದೆ. ಆಗ ಯಾರೂ ಕೊಳ್ಳಲಿಲ್ಲ. ಹತ್ತಾರು ವರ್ಷಗಳಾದ ಮೇಲೆ ಬಂದ ಎಲೆಕ್ಟ್ರಾನಿಕ್ ಸಂಗೀತ ಕೇಳಿದವರು ಹಿಂದಿರುಗಿ ನೋಡಿದರೆ, ಅದರ ಬೀಜ ಈ ತೊಟ್ಟಿಲ ಹಾಡಿನಲ್ಲಿ ಇತ್ತು.

ಹೇಳದೆ ಉಳಿದ ಮಾತು

ಇಷ್ಟೆಲ್ಲ ಮಾಡಿದ ಸ್ಕಾಟ್ ಸೀಕ್ವೆನ್ಸರ್‌ಗೆ ಪೇಟೆಂಟ್ ಮಾಡಿಸಲಿಲ್ಲ. ಆತನಿಗೆ ಪೇಟೆಂಟ್ ಗೊತ್ತಿರಲಿಲ್ಲ ಎಂದಲ್ಲ, ಕ್ಲಾವಿವಾಕ್ಸ್‌ಗೆ ಮಾಡಿಸಿದ್ದ. ಆದರೆ ಪೇಟೆಂಟ್ ಎಂದರೆ ಒಂದು ಕೊಡುಕೊಳ್ಳುವಿಕೆ. ನಿನ್ನ ಯಂತ್ರ ಹೇಗೆ ನಡೆಯುತ್ತದೆ ಎಂದು ಚಿತ್ರ ಸಮೇತ ಎಲ್ಲರಿಗೂ ತಿಳಿಯುವಂತೆ ಬರೆದುಕೊಡು, ಅದಕ್ಕೆ ಪ್ರತಿಯಾಗಿ ಇಷ್ಟು ವರ್ಷ ಬೇರೆ ಯಾರೂ ಅದನ್ನು ಮಾಡದಂತೆ ಕಾಯುತ್ತೇವೆ ಎಂದು ಸರ್ಕಾರ ಹೇಳುತ್ತದೆ. ಅಂದಿನ ಅಮೆರಿಕದಲ್ಲಿ ಅದು ಮಂಜೂರಾದಂದಿನಿಂದ 17 ವರ್ಷ. ಇಂದು ನಮ್ಮ ದೇಶದಲ್ಲಿ ಅರ್ಜಿ ಹಾಕಿದಂದಿನಿಂದ 20 ವರ್ಷ. ಸ್ಕಾಟ್‌ಗೆ ಆ ಬರೆದುಕೊಡುವುದೇ ಬೇಡವಾಗಿತ್ತು. ಬರೆದರೆ ಯಾರೋ ನೋಡುತ್ತಾರೆ, ನೋಡಿದರೆ ಸ್ವಲ್ಪ ತಿರುಚಿ ತಮ್ಮದೆನ್ನುತ್ತಾರೆ ಎಂಬ ಭಯ. ಅದಕ್ಕೆ ಗುಟ್ಟಾಗಿಡುವುದೇ ಕ್ಷೇಮ ಎಂದುಕೊಂಡ. ಗೋಡೆ ನೋಡಿದ್ದ ಮೋಗ್ ಕೂಡ ಮಾತು ಉಳಿಸಿಕೊಂಡು ವರ್ಷಗಟ್ಟಲೆ ಬಾಯಿಬಿಡಲಿಲ್ಲ.

ಆದರೆ ಒಂದು ಯೋಚನೆಗೆ ಕಾಲ ಕೂಡಿ ಬಂದಾಗ ಅದು ಒಬ್ಬನ ತಲೆಯಲ್ಲೇ ಹುಟ್ಟಬೇಕೆಂದಿಲ್ಲ. ಅಮೆರಿಕದ ಇನ್ನೊಂದು ತುದಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕಡೆ, ಡಾನ್ ಬುಕ್ಲಾ ಎಂಬಾತ 1960ರ ದಶಕದ ಮಧ್ಯದಲ್ಲೇ ಎಂಟು ಮತ್ತು ಹದಿನಾರು ಹಂತಗಳ ಸೀಕ್ವೆನ್ಸರ್ ಮಾಡಿ ಸಂಗೀತಗಾರರ ಕೈಗೆ ಕೊಟ್ಟ. 1964ರಲ್ಲಿ ಮೋಗ್ ತನ್ನ ಸಿಂಥಸೈಜರ್ ಅನ್ನು ಜನರ ಮುಂದಿಟ್ಟ, ಮುಂದೆ ಅದಕ್ಕೂ ಸೀಕ್ವೆನ್ಸರ್ ಸೇರಿತು. 1969ರಲ್ಲಿ ಅಂಥದ್ದೊಂದು ಮೋಗ್ ಯಂತ್ರ ನಮ್ಮ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂತು. 1977ರಲ್ಲಿ ಡೊನ್ನಾ ಸಮ್ಮರ್ ಹಾಡಿದ ‘ಐ ಫೀಲ್ ಲವ್’ ಹಾಡಿನ ಕೆಳಗೆ ಓಡುವುದು ಮೋಗ್ ಸೀಕ್ವೆನ್ಸರ್‌ನ ತಾಳ. 1980ರಲ್ಲಿ ಜಪಾನಿನ ರೋಲಂಡ್ ಕಂಪನಿ ಹದಿನಾರು ಗುಂಡಿಗಳ ಟಿಆರ್-808 ತಂದಿತು. ಎರಡೇ ವರ್ಷದಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಅದೇ ಯಂತ್ರವನ್ನಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹಾಕಿದ ಆಲ್ಬಂ ಮಾಡಿದರು. ಬೆಂಗಳೂರಿನ ರಾಡೆಲ್ ಕಂಪನಿಯ ತಾಳಮಾಲಾ ಇವತ್ತು ಎಷ್ಟೋ ಸಂಗೀತ ಪಾಠಶಾಲೆಗಳಲ್ಲಿ ತಾಳ ಕೊಡುತ್ತದೆ. ಒಬ್ಬರು ತೋರಿಸಿದರು, ಇನ್ನೊಬ್ಬರು ನೋಡಿ ಬೆಳೆಸಿದರು. ಈ ಸರಪಳಿಯಲ್ಲಿ ಎಲ್ಲರ ಹೆಸರೂ ಇದೆ, ಮೊದಲೇ ಮಾಡಿ ಬೀಗ ಹಾಕಿದವನ ಹೆಸರು ಬಹಳ ಕಾಲ ಇರಲಿಲ್ಲ.

ಒಂದು ಲೆಕ್ಕ ನನ್ನನ್ನು ಕಾಡುತ್ತದೆ. ಆತ 1960ರಲ್ಲಿ ಪೇಟೆಂಟ್ ಪಡೆದಿದ್ದರೆ ಅದು 1977ರವರೆಗೆ ಆತನನ್ನು ಕಾಯುತ್ತಿತ್ತು. ಆತ ಕೆಲಸದಿಂದ ನಿವೃತ್ತನಾದದ್ದೂ 1977ರಲ್ಲೇ. ದುಡಿಯುವ ವಯಸ್ಸಿಡೀ ಕಾವಲು ಸಿಗುತ್ತಿತ್ತು, ಹೆಸರೂ ದಾಖಲೆಯಲ್ಲಿ ಕೂರುತ್ತಿತ್ತು.

ಯಂತ್ರ ನೋಡದ ಪಲ್ಲಕ್ಕಿ

ಸೀಕ್ವೆನ್ಸರ್ ಸಾಕಾಗಲಿಲ್ಲ ಸ್ಕಾಟ್‌ಗೆ. 1959ರಿಂದಲೇ ಎಲೆಕ್ಟ್ರೋನಿಯಂ ಎಂಬ ಇನ್ನೂ ದೊಡ್ಡ ಯಂತ್ರದ ಹಿಂದೆ ಬಿದ್ದಿದ್ದ. ಅದಕ್ಕೆ ಕೀಲಿಮಣೆಯೇ ಇಲ್ಲ. ಎದುರು ಕೂತವನು ಗುಂಡಿ ಒತ್ತಿ ಒಂದು ಟ್ಯೂನ್ ಕೇಳಬೇಕು. ಯಂತ್ರ ಒಂದು ಕೊಡುತ್ತದೆ. ಇಷ್ಟವಾಗದಿದ್ದರೆ ಇನ್ನೊಂದು. ಇಷ್ಟವಾದರೆ ಅದನ್ನೇ ವೇಗ ಮಾಡು, ಎತ್ತರಿಸು, ಬದಲಿಸು ಎಂದು ಹೇಳುತ್ತ ಹೋಗಬೇಕು. ಇವತ್ತು ನಾವು ಎಐ ಹಾಡು ಕಟ್ಟುತ್ತದೆ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತೇವಲ್ಲ, ಆ ಕನಸನ್ನು ಆತ ವೈರು ಸ್ವಿಚ್ಚುಗಳಲ್ಲಿ ಕಂಡಿದ್ದ. ಮೋಟೌನ್ ರೆಕಾರ್ಡ್ ಕಂಪನಿಯ ಒಡೆಯ ಬೆರಿ ಗಾರ್ಡಿ ಅದನ್ನು ನೋಡಿ ಮರುಳಾಗಿ, 1970ರ ದಶಕದ ಆರಂಭದಲ್ಲಿ ಸ್ಕಾಟ್‌ನನ್ನು ತನ್ನ ಕಂಪನಿಯ ಎಲೆಕ್ಟ್ರಾನಿಕ್ ಸಂಶೋಧನೆಯ ಮುಖ್ಯಸ್ಥನನ್ನಾಗಿ ಮಾಡಿಕೊಂಡ. ಆತ ಲಾಸ್ ಏಂಜಲಿಸ್‌ಗೆ ಹೋದ. ಅಲ್ಲೂ ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ಯಂತ್ರ ಮುಗಿಯಿತು ಎಂದು ಆತ ಎಂದೂ ಹೇಳಲಿಲ್ಲ. ಮುಗಿಯದ್ದನ್ನು ಜನರ ಕೈಗೆ ಕೊಡುವುದು ಹೇಗೆ?

ಯಂತ್ರದ ಬಗ್ಗೆ ಇನ್ನೊಂದು ಮಾತು ನನಗೆ ಕಲಿಸಿದವರು ಉರುಮೆ ಬಾರಿಸುವ ಹಿರಿಯರೊಬ್ಬರು. ನಮ್ಮ ಕಡೆ ಜಾತ್ರೆಗೆ, ಉತ್ಸವಕ್ಕೆ ಉರುಮೆ ಇಲ್ಲದಿದ್ದರೆ ದೇವರು ಹೊರಡುವುದಿಲ್ಲ. ಅವರ ಒಂದು ಗತ್ತನ್ನು ಕೇಳಿ ಕೇಳಿ ಹದಿನಾರು ಹಂತಕ್ಕೆ ಇಳಿಸಿ, ಅವರಿಗೇ ಕೇಳಿಸಿದೆ. ಮಾವ ಎರಡು ಸುತ್ತು ಕೇಳಿದರು. ಲೆಕ್ಕ ಸರಿಯಾಗಿದೆ ಎಂದರು. ಆಮೇಲೆ, ನಾವು ಬಾರಿಸುವಾಗ ಕಣ್ಣು ಉರುಮೆಯ ಮೇಲಿರುವುದಿಲ್ಲ, ಪಲ್ಲಕ್ಕಿ ಹೊತ್ತವರ ಕಾಲಿನ ಮೇಲಿರುತ್ತದೆ ಎಂದರು. ಅವರು ತಿರುಗುವಾಗ ಒಂದು ಕೂದಲೆಳೆಯಷ್ಟು ತಡೆದು ಕೊಡಬೇಕು, ಏರು ಬಂದರೆ ಹುರುಪು ಕೊಡಬೇಕು, ಈ ಪೆಟ್ಟಿಗೆ ಪಲ್ಲಕ್ಕಿ ನೋಡುತ್ತದೆಯೇ ಎಂದು ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಒಂದು ಚಿಂತೆ ಇತ್ತು. ಪೆಟ್ಟಿಗೆ ಬಂದ ಮೇಲೆ ಕರೆಯುವವರು ಕಡಿಮೆಯಾದರೆ ಎಂಬ ಚಿಂತೆ.

ಸ್ಕಾಟ್‌ನ ಬದುಕಿನಲ್ಲೂ ಈ ಪ್ರಶ್ನೆ ಇದೆ. ಮನುಷ್ಯರು ಯಂತ್ರದಂತೆ ನುಡಿಸಲಿ ಎಂದು ಬಯಸಿದ, ಆಗದಿದ್ದಾಗ ಮನುಷ್ಯರಂತೆ ಕಟ್ಟುವ ಯಂತ್ರ ಮಾಡಲು ಹೊರಟ. ಆದರೆ ಇವತ್ತಿಗೂ ಜಗತ್ತು ಗುರುತಿಸುವ ಆತನ ಟ್ಯೂನು ಯಾವುದು? ಆ ಆರು ಜನ, ಬೈಸಿಕೊಳ್ಳುತ್ತ, ಬೇಸತ್ತು, ಬೆವರಿಳಿಸಿ ನುಡಿಸಿದ ಪವರ್‌ಹೌಸ್. ಅದು ಉಳಿದದ್ದು ಹೇಗೆ? ಸ್ಟಾಲಿಂಗ್ ಕೈಗೆ ಸಿಕ್ಕಿ, ಆತ ತುಂಡು ಮಾಡಿ, ತನಗೆ ಬೇಕಾದ ಹಾಗೆ ಬಳಸಿದ್ದರಿಂದ. ಆತ ಕೈಬಿಟ್ಟದ್ದು ಊರೂರು ಸುತ್ತಿತು, ಬಿಗಿಯಾಗಿ ಹಿಡಿದದ್ದು ಕೋಣೆಯಲ್ಲೇ ಉಳಿಯಿತು.

ಕೊನೆಗೆ ಬಾಗಿಲು ತೆರೆದವರು

1987ರಲ್ಲಿ ಸ್ಕಾಟ್‌ಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ಕೆಲಸ ನಿಂತಿತು. ಯಂತ್ರಗಳ ಗುಟ್ಟನ್ನು ಹೇಳಬೇಕೆಂದರೂ ಹೇಳಲಾಗದ ಸ್ಥಿತಿ. ಹೊರಗೆ ಜಗತ್ತೆಲ್ಲ ಸೀಕ್ವೆನ್ಸರ್ ತಾಳಕ್ಕೆ ಕುಣಿಯುತ್ತಿತ್ತು. ಒಳಗೆ ಆತ ಸುಮ್ಮನೆ ಕೂತಿದ್ದ. 1990ರ ದಶಕದ ಆರಂಭದಲ್ಲಿ ಅರ್ವಿನ್ ಚುಸಿಡ್ ಎಂಬ ರೇಡಿಯೊ ನಿರೂಪಕ ಆತನನ್ನು ಹುಡುಕಿಕೊಂಡು ಬಂದ. ಮನೆಯಲ್ಲಿ ರಾಶಿ ರಾಶಿ ಡಿಸ್ಕು, ಟೇಪು. ಹೆಂಡತಿ ಮಿಟ್ಸಿ ಅವನ್ನೆಲ್ಲ ಜೋಪಾನವಾಗಿ ಇಟ್ಟಿದ್ದಳು. 1992ರಲ್ಲಿ ಹಳೆಯ ತಂಡದ ರೆಕಾರ್ಡುಗಳು ಮತ್ತೆ ಬಿಡುಗಡೆಯಾದವು. 1994ರ ಫೆಬ್ರವರಿ 8ರಂದು, 85ನೇ ವಯಸ್ಸಿನಲ್ಲಿ ಆತ ತೀರಿಕೊಂಡ. ಎಲೆಕ್ಟ್ರಾನಿಕ್ ಕೆಲಸದ ಟೇಪುಗಳು ‘ಮ್ಯಾನ್‌ಹಟನ್ ರಿಸರ್ಚ್’ ಎಂಬ ಹೆಸರಿನಲ್ಲಿ ಜನರಿಗೆ ಸಿಕ್ಕಿದ್ದು 2000ದಲ್ಲಿ. ಕೆಟ್ಟು ನಿಂತ ಎಲೆಕ್ಟ್ರೋನಿಯಂ ಅನ್ನು ಡೀವೊ ತಂಡದ ಮಾರ್ಕ್ ಮದರ್ಸ್‌ಬಾ ಕೊಂಡ. ಅದನ್ನು ಮಾಡಿದವನು ಇಲ್ಲದ ಮೇಲೆ ಯಾವ ವೈರು ಎಲ್ಲಿಗೆ ಎಂದು ಹೇಳುವವರು ಯಾರು?

ಆತನ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಕಷ್ಟಪಟ್ಟು ಮಾಡಿದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹೋಗುವುದು ಇವತ್ತೂ ನಡೆಯುತ್ತದೆ. ಫೈನಲ್ ಇಯರ್ ಪ್ರಾಜೆಕ್ಟ್ ತೋರಿಸಲು ಹಿಂಜರಿಯುವ ಗೆಳೆಯರನ್ನು ನೋಡಿದ್ದೇನೆ. ಪೂರ್ತಿಯಾದ ಮೇಲೆ ತೋರಿಸುತ್ತೇನೆ ಎನ್ನುತ್ತಾರೆ, ಅದು ಪೂರ್ತಿಯಾಗುವುದೇ ಇಲ್ಲ. ಕಾಯಬೇಕಾದದ್ದನ್ನು ಕಾಯಲು ದಾರಿಗಳಿವೆ. ಯಂತ್ರಕ್ಕೆ ಪೇಟೆಂಟ್ ಇದೆ, ಬರೆದದ್ದಕ್ಕೆ, ಹಾಡಿದ್ದಕ್ಕೆ ಕಾಪಿರೈಟ್ ಇದೆ. ಅವೆರಡೂ ಆಗದಿದ್ದರೆ ದಿನಾಂಕ ಹಾಕಿ ಬರೆದಿಟ್ಟು ನಾಲ್ಕು ಜನರಿಗೆ ತೋರಿಸುವುದೂ ಒಂದು ಸಾಕ್ಷಿಯೇ. ಇಂಟರ್‌ವ್ಯೂನಲ್ಲಿ ಕೂತವರು ತಲೆಯೊಳಗಿನದನ್ನು ನೋಡಲಾರರು, ಮೇಜಿನ ಮೇಲಿಟ್ಟದ್ದನ್ನಷ್ಟೇ ನೋಡುತ್ತಾರೆ.

ನಾನು ಮಾಡುತ್ತಿರುವುದು ಸಣ್ಣ ಕೆಲಸ. ಒಂದು ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಹದಿನಾರು ಮನೆ ಗೆರೆ ಎಳೆದಿದ್ದೇನೆ. ಉರುಮೆಯ ಗತ್ತು, ತಮಟೆಯ ಗತ್ತು ಒಂದೊಂದನ್ನೂ ಚುಕ್ಕಿ ಇಟ್ಟು ಬರೆಯುತ್ತಿದ್ದೇನೆ, ಹೇಳಿಕೊಟ್ಟವರ ಹೆಸರನ್ನು ಮೇಲೆ ಅವರನ್ನೇ ಕೇಳಿ ಬರೆಯುತ್ತೇನೆ. ಪಲ್ಲಕ್ಕಿ ತಿರುಗುವಾಗ ಎಲ್ಲಿ ತಡೆಯಬೇಕು ಎಂಬುದಕ್ಕೆ ಮನೆಯಲ್ಲಿ ಜಾಗವಿಲ್ಲ, ಅದನ್ನು ಅಂಚಿನಲ್ಲಿ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಕಲಿಯುವ ಹುಡುಗರು ಯಾರು ಕೇಳಿದರೂ ಜೆರಾಕ್ಸ್ ಕೊಡುತ್ತೇನೆ. ಇಲ್ಲಿಯವರೆಗೆ ಹನ್ನೊಂದು ಗತ್ತುಗಳಾಗಿವೆ, ಹನ್ನೆರಡನೆಯದನ್ನು ಮಾವ ಬರುವ ಭಾನುವಾರ ಹೇಳಿಕೊಡುತ್ತೇನೆ ಎಂದಿದ್ದಾರೆ.